ವಿಷದ ಗೋಡೆಯ ಹನ್ನೆರಡನೆಯ ಗಿಡ

ಪೇಂಟರ್ ದುಂಡೇಶ ಗೋಡೆಗೆ ಹೆದರಿದವನಲ್ಲ. ಹನ್ನೆರಡನೆಯ ವಯಸ್ಸಿಗೆ ಕುಂಚ ಹಿಡಿದವನು ಮೂವತ್ತೆಂಟಕ್ಕೆ ನಾಲ್ಕು ತಾಲೂಕಿನ ಗೋಡೆಗಳನ್ನು ಮುಗಿಸಿದ್ದ. ಇಂಡಿ ಪಟ್ಟಣದ ಕಿರಾಣಿ ಅಂಗಡಿಗಳ ಬೋರ್ಡು, ಸಿಂದಗಿಯಲ್ಲಿ ಬಟ್ಟೆ ಸೋಪಿನ ಜಾಹೀರಾತು, ಮುದ್ದೇಬಿಹಾಳದ ಲಾರಿಗಳ ಬೆನ್ನಿಗೆ ಗಿಳಿ ಮತ್ತು ಗುಲಾಬಿ. ಬಸವನ ಬಾಗೇವಾಡಿಯಿಂದ ಗೊಳಸಂಗಿಯ ತನಕ ಸಿಕ್ಕ ಸಿಕ್ಕ ಗೋಡೆಗೆ 'ಚಿಕ್ಕ ಸಂಸಾರ, ಸುಖ ಸಂಸಾರ'. ತನಗೆ ನಾಲ್ಕು ಮಕ್ಕಳು ಎಂಬುದನ್ನು ಆ ಗೋಡೆಗಳಿಗೆ ಅವನು ಹೇಳಿರಲಿಲ್ಲ. ಏನು ಬರೆ ಅಂದರೆ ಅದನ್ನು ಬರೆಯುವುದು, ಕುಂಚ ತೊಳೆಯುವುದು, ಬಸ್ಸು ಹಿಡಿಯುವುದು. ಬರೆದದ್ದರ ಬಗ್ಗೆ ತಲೆ ಕೆಡಿಸಿಕೊಳ್ಳುವ ಚಟ ಅವನಿಗಿರಲಿಲ್ಲ.

ಆ ತಲೆ ಕೆಟ್ಟದ್ದು ೧೯೯೯ರ ಫೆಬ್ರುವರಿಯಲ್ಲಿ, ಒಂದು ಹಳೆಯ ಪುಸ್ತಕದ ದೆಸೆಯಿಂದ.

ದನದ ಡಾಕ್ಟರ್ ಅನೀಲಕುಮಾರ ಇಂಡಿಯ ಹೊರ್ತಿ ರಸ್ತೆಗೆ ತಮ್ಮದೇ ಒಂದು ದವಾಖಾನೆ ತೆರೆದಿದ್ದರು. ವಯಸ್ಸು ಚಿಕ್ಕದು, ಉತ್ಸಾಹ ದೊಡ್ಡದು. ದನ ಕುರಿಗಳು ಯಾವ ಯಾವ ಗಿಡ ತಿಂದರೆ ಸಾಯುತ್ತವೆ ಎಂಬುದನ್ನು ಕಂಪೌಂಡಿನ ಉದ್ದದ ಗೋಡೆಯ ಮೇಲೆ ಚಿತ್ರ ಬರೆಸಬೇಕು, ಓದು ಬಾರದವರೂ ನೋಡಿ ತಿಳಿಯಬೇಕು ಎಂಬುದು ಅವರ ಆಸೆ. ಸೊಲ್ಲಾಪುರದ ರದ್ದಿ ಅಂಗಡಿಯಲ್ಲಿ ಸಿಕ್ಕ ನೂರು ವರ್ಷದ ಹಿಂದಿನ ಪುಸ್ತಕವೊಂದನ್ನು ತಂದು ದುಂಡೇಶನ ಮುಂದೆ ಬಿಚ್ಚಿದರು. ಹಾಳೆಗಳು ಚಹಾ ಚೆಲ್ಲಿದ ಬಣ್ಣಕ್ಕೆ ತಿರುಗಿದ್ದವು. ಹಾಳೆಗೊಂದು ಗಿಡ.

"ಹಿಂಗ ಬೇಕು ನೋಡ್ರಿ. ಥೇಟ್ ಹಿಂಗ," ಅಂದರು ಡಾಕ್ಟರು.

ದುಂಡೇಶ ಪುಸ್ತಕ ತಿರುವಿ ತಿರುವಿ ನೋಡಿದ. "ಡಾಕ್ಟ್ರ, ಬೇರು ಮಣ್ಣಾಗ ಇರಬೇಕಲ್ರಿ? ಇಲ್ಲಿ ಗಾಳ್ಯಾಗ ಜೋತು ಬಿದ್ದೈತಿ."

"ಬೇರೂ ಕಾಣಬೇಕಲ್ಲ, ಅದಕ್ಕ."

"ಮೊಗ್ಗಿ, ಹೂವು, ಕಾಯಿ, ಬೀಜಾ ಎಲ್ಲಾ ಒಂದ ಟೊಂಗಿಗಿ ಬಂದಾವು. ಇದು ಯಾವ ತಿಂಗಳಾ ಅಂತ ತಿಳ್ಕೋಬೇಕ್ರಿ?"

"ಎಲ್ಲಾ ತಿಂಗಳೂ ಹೌದು. ಹುಟ್ಟಿದಾಗಿಂದ ಬೀಜ ಬೀಳೂತನಾ ಇಡೀ ಗಿಡದ ಬದುಕು ಒಂದ ಚಿತ್ರದಾಗ ಇರಬೇಕು. ಅದ ಇದರ ಪದ್ಧತಿ."

ಕೂಸನ್ನೂ ಮದುಮಗನನ್ನೂ ಮುದುಕನನ್ನೂ ಒಂದೇ ಅಂಗಿಯೊಳಗೆ ನಿಲ್ಲಿಸಿದ ಹಾಗಾಯಿತಲ್ಲ ಅಂದುಕೊಂಡ ದುಂಡೇಶ. ಬುಡ ಕಾಣುವ ಹಾಗೆ ಬರೆದಿದ್ದರೂ ಅವನಿಗೆ ತಲೆಬುಡ ತಿಳಿಯಲಿಲ್ಲ. ಆದರೂ ಹೂಂ ಅಂದು ಬಂದ. ಹೊಸದಾಗಿ ಸುಣ್ಣ ಕಂಡ ಗೋಡೆಗೆ ಮೊದಲು ಹಳೆಯ ಹಾಳೆಯ ಕಂದು ಬಣ್ಣ ಬಳಿಯಬೇಕೆಂದು ಮನೆಯಲ್ಲಿ ಹೇಳಿದಾಗ ಹೆಂಡತಿ ಮಾಲಾ ರೊಟ್ಟಿ ಬಡಿಯುವ ಕೈ ನಿಲ್ಲಿಸಿ, "ಹಳೇದನ್ನ ಹೊಸಾದ ಮಾಡೂ ಮಂದಿ ನೋಡೇನ್ರಿ. ಹೊಸಾ ಗ್ವಾಡಿನ ಹಳೇದ ಮಾಡೂ ಮಂದಿನ್ನ ಇವತ್ತ ಕೇಳಿದೆ," ಅಂದಳು.

ಹೀಗೆ ಕೆಲಸ ಶುರುವಾಯಿತು. ಎಕ್ಕೆ, ದತ್ತೂರಿ, ಕಣಗಿಲ, ಔಡಲ, ಗುಲಗಂಜಿ. ಡಾಕ್ಟರು ಕನ್ನಡದಲ್ಲಿ ಹನ್ನೆರಡು ಹೆಸರಿನ ಪಟ್ಟಿ ಕೊಟ್ಟಿದ್ದರು. ಪುಸ್ತಕದಲ್ಲಿ ಇಲ್ಲದ ಗಿಡವನ್ನು ದುಂಡೇಶ ಬೇಲಿಯಿಂದ ಕಿತ್ತು ತಂದು, ಬೇರು ತೊಳೆದು, ಕಾಯಿ ಸೀಳಿ, ಮುಂದಿಟ್ಟುಕೊಂಡು ಬರೆದ. ಬರೆಯುತ್ತ ಹೋದಂತೆ ಒಂದು ತರಹದ ಖುಷಿಯೂ ಬಂತು. ಎಕ್ಕೆಯ ಮುರಿದ ತೊಟ್ಟಿನ ತುದಿಗೆ ಒಂದು ಹನಿ ಬಿಳಿ ಹಾಲು ಇಟ್ಟ ದಿನ ಎರಡು ಹೆಜ್ಜೆ ಹಿಂದೆ ಸರಿದು ತಾನೇ ಶಹಬ್ಬಾಸ್ ಅಂದುಕೊಂಡ.

ಮರುದಿನ ಶನಿವಾರ. ಬೆಳಿಗ್ಗೆ ಬಂದರೆ ಎದುರಿನ ಚಹಾದಂಗಡಿಯ ಮಶಾಕಸಾಬ ಅಲ್ಲಿಂದಲೇ ಕೂಗಿದ: "ದುಂಡೇಶಣ್ಣಾ, ನಿನ್ನ ವಿಷಕ್ಕ ಕುಂಕುಮಾ ಬಿದ್ದೈತಿ ನೋಡು!"

ಹೌದು, ಎಕ್ಕೆಯ ಬುಡಕ್ಕೆ ಯಾರೋ ಕುಂಕುಮ ಹಚ್ಚಿದ್ದರು. ಶನಿವಾರ ಹನುಮಪ್ಪನಿಗೆ ಎಕ್ಕೆಯ ಹಾರ ಹಾಕುವ ಮಂದಿ, ಗೋಡೆಯ ಎಕ್ಕೆಯನ್ನು ಬಿಡುತ್ತಾರೆಯೇ? ಸೋಮವಾರ ದತ್ತೂರಿಗೆ ವಿಭೂತಿ ಬಿತ್ತು. ಕಣಗಿಲದ ಮುಂದೆ ಒಬ್ಬ ಮುದುಕಿ ಚಪ್ಪಲಿ ಬಿಟ್ಟು ಕೈ ಮುಗಿದಳು. ಹಿತ್ತಲ ಗಿಡ ಮದ್ದಲ್ಲ ಅನ್ನುವ ಜನ, ಹಿತ್ತಲ ಗಿಡ ವಿಷ ಅಂದರೆ ಅದನ್ನೂ ಒಪ್ಪುವವರಲ್ಲ. ದುಂಡೇಶ ಒದ್ದೆ ಬಟ್ಟೆಯಿಂದ ಕುಂಕುಮ ಒರೆಸಲು ಹೋದ. ಒರೆಸಿದರೆ ಪಾಪ ಬಂದೀತು ಅನ್ನಿಸಿತು. ಬಿಟ್ಟರೆ ಡಾಕ್ಟರು ಬೈದಾರು ಅನ್ನಿಸಿತು. ತಾನು ಬರೆಯುತ್ತಿರುವುದು ವಿಷದ ತೋಟವೋ ದೇವರ ತೋಟವೋ ತಿಳಿಯದೆ ಅರ್ಧ ಒರೆಸಿ ಅರ್ಧ ಬಿಟ್ಟ.

ಹನ್ನೊಂದು ಗಿಡ ಮುಗಿದವು. ಹನ್ನೆರಡನೆಯ ಹೆಸರು ಓದಿದ. ಇನ್ನೊಮ್ಮೆ ಓದಿದ. 'ಜೋಳ (ಕೂಳಿ)' ಅಂತ ಇತ್ತು.

ಸಿಂದಗಿಗೆ ಹೊರಟು ಮೋಟಾರ್ ಸೈಕಲ್ಲಿಗೆ ಕಿಕ್ ಹೊಡೆಯುತ್ತಿದ್ದ ಡಾಕ್ಟರ ಹತ್ತಿರ ಓಡಿದ. "ಡಾಕ್ಟ್ರ, ಇದು ಜೋಳಾ ಅಂತ ಬರದೀರಿ..."

"ಹೌದ್ರಿ. ಕೂಳಿ ಮೇಯ್ದು ನಿಂತಲ್ಲೇ ಸಾಯ್ತಾವು ದನ. ಎಲ್ಲಕ್ಕಿಂತ ಹೆಚ್ಚು ಸಾಯೂದು ಅದರಿಂದನ. ಛಲೋತಂಗ ತಗೀರಿ, ನಾ ಎರಡು ದಿನಾ ಬಿಟ್ಟು ಬರ್ತೇನಿ," ಅಂದು ಡಾಕ್ಟರು ಹೋಗಿಯೇ ಬಿಟ್ಟರು.

ದುಂಡೇಶ ಅಲ್ಲೇ ಕಟ್ಟೆಯ ಮೇಲೆ ಕುಳಿತ. ಮಶಾಕಸಾಬ ತಂದಿಟ್ಟ ಚಹಾ ಆರಿ ತಣ್ಣಗಾಯಿತು.

ಜೋಳ ಕೊಯ್ದ ಮೇಲೆ ಹೊಲದಲ್ಲಿ ಮೋಟುಗಳು ಉಳಿಯುತ್ತವೆ. ಅಕಾಲದಲ್ಲಿ ಒಂದು ಮಳೆ ಬಿದ್ದರೆ ಆ ಮೋಟು ಮತ್ತೆ ಚಿಗುರುತ್ತದೆ. ಆ ಚಿಗುರೇ ಕೂಳಿ. ಸುತ್ತ ಎಲ್ಲ ಒಣಗಿ ನಿಂತಾಗ ಅದೊಂದೇ ಹಸಿರು. ದುಂಡೇಶ ಅಂಥ ಹಸಿರನ್ನು ಹತ್ತು ವರ್ಷದವನಿದ್ದಾಗ ಕಂಡಿದ್ದ, ಹುಟ್ಟೂರು ಲಚ್ಯಾಣದಲ್ಲಿ, ತಮ್ಮ ಹೊಲದಲ್ಲೇ.

ಆಗ ಅವರ ಮನೆಯಲ್ಲಿ ಗಂಗಿ ಅಂತ ಒಂದು ಆಕಳಿತ್ತು. ಅಪ್ಪ ಅಮೋಘಸಿದ್ಧನ ಅಕ್ಕ ಚಂದವ್ವ, ಗಂಡ ತೀರಿಕೊಂಡ ಮೇಲೆ ತಮ್ಮನ ಮನೆ ಸೇರಿದವಳು, ಅಲ್ಲೇ ಇದ್ದಳು. ಚಂದವ್ವನಿಗೆ ಕೈಗುಣವಿತ್ತು. ಕುರಿಗೆ ಹೊಟ್ಟೆ ಉಬ್ಬಿದರೆ, ಎಮ್ಮೆ ಮೇವು ಬಿಟ್ಟರೆ ಸುತ್ತಲಿನ ಊರಿನವರು ಆಕೆಗೆ ಹೇಳಿ ಕಳಿಸುತ್ತಿದ್ದರು. ಅಜವಾನ, ಇಂಗು, ಬೆಳ್ಳುಳ್ಳಿ ಅರೆದು ಕಲಸಿ ಬಿದಿರಿನ ಗೊಟ್ಟಕ್ಕೆ ತುಂಬಿ, ದನದ ದವಡೆ ಎತ್ತಿ ಹಿಡಿದು ಗಂಟಲಿಗೆ ಇಳಿಸುತ್ತಿದ್ದಳು. ಮದ್ದು ಎಲ್ಲರ ಮನೆಯದೂ ಅದೇ. ಆಕೆ ಹಾಕಿದರೆ ಗುಣವಾಗುತ್ತಿತ್ತು, ಬೇರೆಯವರು ಹಾಕಿದರೆ ಆಗುತ್ತಿರಲಿಲ್ಲ.

ಗಂಗಿ ಎರಡು ದಿನ ಮೇವು ಬಿಟ್ಟಿತ್ತು. ಚಂದವ್ವ ಬೆಳಿಗ್ಗೆ ಗೊಟ್ಟ ಹಾಕಿದಳು. ಹೊತ್ತು ಏರುವಷ್ಟರಲ್ಲಿ ಆಕಳಿಗೆ ಹಸಿವು ಬಂತು. ಮೇಯಿಸಲು ಹೋದ ದುಂಡೇಶ ಇದ್ದಿಲ ತುಂಡು ಹಿಡಿದು ಬದುವಿನ ಹಾಸುಗಲ್ಲಿನ ಮೇಲೆ ಚಿತ್ರ ಬರೆಯುತ್ತ ಕುಳಿತ. ತಲೆ ಎತ್ತಿದಾಗ ಗಂಗಿ ಕೂಳಿಯ ನಡುವೆ ನಿಂತು ಗಬಗಬ ಮೇಯುತ್ತಿತ್ತು. ಕೂಳಿಯಲ್ಲಿ ಬಿಡಬೇಡ ಅಂತ ಅಪ್ಪ ನೂರು ಸಲ ಹೇಳಿದ್ದ. ಯಾಕೆ ಅಂತ ಹೇಳಿರಲಿಲ್ಲ. ಅಪ್ಪಂದಿರು ಯಾಕೆ ಅಂತ ಹೇಳುವ ಕಾಲವಲ್ಲ ಅದು. ಹುಡುಗ ಓಡಿ ಹೋಗಿ ಆಕಳನ್ನು ಬದುವಿಗೆ ಹೊಡೆದುಕೊಂಡು ಬಂದ. ಬದುವಿನ ಮೇಲೆ ಗಂಗಿ ಬಿತ್ತು. ಊರಿನವರು ಬರುವಷ್ಟರಲ್ಲಿ ಸತ್ತಿತ್ತು.

ಅಪ್ಪ ಬರುವ ಮೊದಲು ಅತ್ತೆ ಬಂದಿದ್ದಳು. ಒಂದೇ ಒಂದು ಮಾತು ಕೇಳಿದ್ದಳು. "ಕೂಳ್ಯಾಗ ಬಿಟ್ಟಿದ್ದೇನೋ ದುಂಡ್ಯಾ?"

"ಇಲ್ಲ. ಬದುವಿನಾಗ ಇತ್ತು."

ಅಪ್ಪನ ಬಾರುಕೋಲಿಗೆ ಹೆದರಿ ಹೇಳಿದ ಮಾತು. ಏಟು ತಪ್ಪಿತು, ಅವನು ಮರೆತ. ಆದರೆ ಕೂಳಿ ತಿಂದಿಲ್ಲವೆಂದ ಮೇಲೆ ಉಳಿದದ್ದು ಏನು? ಬೆಳಿಗ್ಗೆ ಹಾಕಿದ ಗೊಟ್ಟ. ಅಮೋಘಸಿದ್ಧ ಎಲ್ಲರೆದುರು, "ನಿನ್ನ ಕೈಯಾಗ ವಿಷಾ ಐತಿ" ಅಂದ. ಚಂದವ್ವ ಮರುದಿನವೇ ಹೊರ್ತಿಯಲ್ಲಿದ್ದ ಗಂಡನ ಮನೆಯವರ ಹತ್ತಿರ ಹೋದಳು. ಇಪ್ಪತ್ತೆಂಟು ವರ್ಷ ಒಂದು ಆಕಳ ಮೈಯನ್ನೂ ಮುಟ್ಟಲಿಲ್ಲ. ಮದ್ದು ಕೇಳಿ ಯಾರಾದರೂ ಬಂದರೆ "ನನ್ನ ಕೈ ಸತ್ತೈತಿ ಯಪ್ಪಾ, ಬ್ಯಾರೇ ಕಡೆ ನೋಡ್ರಿ" ಅನ್ನುತ್ತಿದ್ದಳು.

ಕೂಳಿಯಲ್ಲಿ ಏಕೆ ಬಿಡಬಾರದು ಎಂಬುದು ದುಂಡೇಶನಿಗೆ ಗೊತ್ತಾದದ್ದು ಈಗ, ಡಾಕ್ಟರ ಪಟ್ಟಿಯಿಂದ. ಹನ್ನೆರಡಕ್ಕೆ ಊರು ಬಿಟ್ಟು ಬಣ್ಣದ ಡಬ್ಬಿ ಹಿಡಿದವನಿಗೆ ಒಕ್ಕಲುತನದ ಮಾತು ಯಾರು ಹೇಳಬೇಕು? ಅವನಿಗೆ ದಿಕ್ಕು ತಪ್ಪಿದಂತಾಯಿತು. ಹತ್ತು ವರ್ಷದ ಹುಡುಗನ ಸುಳ್ಳಿಗೆ ಮೂವತ್ತೆಂಟು ವರ್ಷದವನು ಹೊಣೆಯೇ? ಗೊತ್ತಿಲ್ಲದೆ ಮಾಡಿದ್ದು ತಪ್ಪೇ? ಗೊತ್ತಾದ ಮೇಲೂ ಸುಮ್ಮನಿದ್ದರೆ? ಒಮ್ಮೆ, ಅತ್ತೆ ನಿಜವಾಗಿ ಕೇಳಿದ್ದಳೋ, ತಾನೇ ಕಲ್ಪಿಸಿಕೊಂಡೆನೋ ಅನ್ನುವ ಅನುಮಾನವೂ ಬಂತು. ಆದರೆ ಆಕೆಯ ದನಿ ಕಿವಿಯಲ್ಲಿ ಇದ್ದ ಹಾಗೇ ಇತ್ತು.

ಇಂಥ ತಲೆಯಿಟ್ಟುಕೊಂಡು ಗೋಡೆಗೆ ನಿಂತ. ಎರಡು ದಿನ ಬರೆದ. ಬರೆದು ಮುಗಿಸಿ ನೋಡಿದರೆ ಗೋಡೆಯ ಮೇಲೆ ಆಳೆತ್ತರದ ಜೋಳ. ಗಾಳಿಯಲ್ಲಿ ಬೇರು, ಗಿಣ್ಣು ಗಿಣ್ಣಿನ ದಂಟು, ಇಳಿಬಿದ್ದ ಎಲೆ, ಮೇಲೆ ಕಾಳು ತುಂಬಿದ ದುಂಡನೆಯ ತೆನೆ, ಪಕ್ಕದಲ್ಲಿ ಬಿಡಿಸಿಟ್ಟ ನಾಲ್ಕು ಕಾಳು. ಪುಸ್ತಕದ ಪದ್ಧತಿ. ಕೆಳಗೆ ಒಂದೇ ಶಬ್ದ: ಜೋಳ. ಪಟ್ಟಿಯಲ್ಲಿದ್ದ ಕೂಳಿ ಎಲ್ಲಿ ಹೋಯಿತೆಂದು ಅವನನ್ನು ಕೇಳಿದ್ದರೆ ಅವನಿಗೂ ಹೇಳಲಾಗುತ್ತಿರಲಿಲ್ಲ.

ಜಗಳ ಬರಲು ತಡವಾಗಲಿಲ್ಲ. ಎಕ್ಕೆಗೆ ಕೈ ಮುಗಿದು ಹೋದ ಮಂದಿಯೇ ಜೋಳದ ಮುಂದೆ ನಿಂತು ಕೂಗಾಡಿದರು. ಎಮ್ಮೆ ಹೊಡೆದುಕೊಂಡು ಬಂದಿದ್ದ ಗುರಲಿಂಗಪ್ಪನೆಂಬ ಹಿರಿಯ ಕೋಲಿನಿಂದ ತೆನೆಗೆ ಕುಟ್ಟಿ, "ಏ ಪೇಂಟರ, ಮುಂಜಾನೆ ಏನ ತಿಂದು ಬಂದೀಯೋ? ರೊಟ್ಟಿ ಹೌದಲ್ಲೋ? ಮತ್ತ ಇನ್ನೂ ಹ್ಯಾಂಗ ಜೀವಂತ ಇದ್ದೀ?" ಅಂದ.

ನೆರೆದವರು ನಕ್ಕರು. ಮಶಾಕಸಾಬ ಮಾತ್ರ ನಗಲಿಲ್ಲ. ಹತ್ತಿರ ಬಂದು ಸಣ್ಣ ದನಿಯಲ್ಲಿ, "ದುಂಡೇಶಣ್ಣಾ, ದತ್ತೂರಿಗಿ ವಿಷಾ ಅಂದಿ, ಯಾರೂ ಸಿಟ್ಟಾಗಲಿಲ್ಲ. ಇದು ತುತ್ತಿನ ಮಾತು. ಏನೋ ತಪ್ಪಾಗೈತಿ ನೋಡು," ಅಂದ.

ಏನು ತಪ್ಪಾಗಿದೆ? ದುಂಡೇಶ ಡಬ್ಬಿಗಳನ್ನು ಅಲ್ಲೇ ಬಿಟ್ಟು ಹೊರ್ತಿಯ ಬಸ್ಸು ಹತ್ತಿದ. ಹೇಳಿಬಿಡುತ್ತೇನೆ ಅಂದುಕೊಂಡು ಹತ್ತಿದ. ಇಳಿಯುವ ಹೊತ್ತಿಗೆ ಏನು ಹೇಳಬೇಕೆಂಬುದೇ ಕಲಸಿಹೋಗಿತ್ತು.

ಚಂದವ್ವ ಬಾಗಿಲಲ್ಲಿ ಕುಳಿತು ಕೌದಿ ಹೊಲಿಯುತ್ತಿದ್ದಳು. ಎಪ್ಪತ್ತರ ಹತ್ತಿರದ ವಯಸ್ಸು. ಕಣ್ಣು ಇನ್ನೂ ಚುರುಕು. "ಹಬ್ಬ ಇಲ್ಲ, ಹುಣ್ಣಿವಿ ಇಲ್ಲ. ಯಾಕ ಬಂದಿ ಅಳಿಯಾ?"

"ಅತ್ತಿ, ಗಂಗಿನ್ನ ಕೊಂದದ್ದು ನಿನ್ನ ಮದ್ದಲ್ಲ."

ಸೂಜಿ ನಿಂತಿತು. ಇಪ್ಪತ್ತೆಂಟು ವರ್ಷ ಆ ಹೆಸರನ್ನು ಯಾರೂ ಆಕೆಯ ಮುಂದೆ ಎತ್ತಿರಲಿಲ್ಲ. "ಮತ್ತೇನು?"

ಕೂಳಿ ಎಂಬ ಎರಡಕ್ಷರ ದುಂಡೇಶನ ಗಂಟಲವರೆಗೆ ಬಂತು. ಆಚೆ ಬರಲಿಲ್ಲ. "ಜೋಳ," ಅಂದ. "ಡಾಕ್ಟರು ಹೇಳ್ಯಾರ. ಜೋಳಾ ತಿಂದು ದನಾ ಸಾಯ್ತಾವಂತ. ಇಂಡ್ಯಾಗ ಗ್ವಾಡಿ ಮ್ಯಾಲೆ ವಿಷದ ಗಿಡದಾಗ ಜೋಳಾನೂ ತಗದೇನಿ."

ಚಂದವ್ವ ಅವನ ಮುಖವನ್ನೇ ನೋಡಿದಳು. "ಜೋಳಾ? ಲೋಕದ ಹೊಟ್ಟಿ ತುಂಬೂ ಜೋಳಾ?" ಕೌದಿಯನ್ನು ಮಡಿಲಿನಿಂದ ತಳ್ಳಿ ಎದ್ದಳು. "ನನ್ನ ಪಾಪಾ ಒಯ್ದು ಅನ್ನದ ಮ್ಯಾಲ ಹಾಕತೀಯೇನೋ? ನಾ ಹೊತ್ತೇನಿ, ನಾ ಒಯ್ತೇನಿ. ಜೋಳದ ಮ್ಯಾಲ ಹಾಕಬ್ಯಾಡ. ನಡಿ, ಈಗ ನಡಿ, ಅದನ್ನ ಅಳಸು."

ಬಸ್ಸಿನಲ್ಲಿ ದುಂಡೇಶನಿಗೆ ಅಳು ಬಂದ ಹಾಗಾಯಿತು. ಬಿಡಿಸಲು ಹೋದವನು ಇನ್ನೊಂದು ಗಂಟು ಹಾಕಿ ಬಂದೆನಲ್ಲ ಎಂದು ತನ್ನ ಮೇಲೆಯೇ ಸಿಟ್ಟು ಬಂತು.

ದವಾಖಾನೆಯ ಅಂಗಳದಲ್ಲಿ ಎರಡು ಮೂರು ದನಗಳಿದ್ದವು. ಡಾಕ್ಟರು ಬಂದಿದ್ದರು, ಒಳಗಿದ್ದರು. ಚಂದವ್ವ ಗೋಡೆಯ ಈ ತುದಿಯಿಂದ ನಡೆದಳು. ಎಕ್ಕೆಯನ್ನು ನೋಡಿದಳು, ದತ್ತೂರಿಯನ್ನು ನೋಡಿದಳು. ಗುಲಗಂಜಿಯ ಮುಂದೆ ಒಂದು ಗಳಿಗೆ ನಿಂತು, "ಛಲೋ ತಗದೀ. ಕರೀ ಚುಕ್ಕಿ ಸೈತ ಬಿಟ್ಟಿಲ್ಲ," ಅಂದಳು. ಹನ್ನೆರಡನೆಯ ಗಿಡದ ಮುಂದೆ ಬಂದು ನಿಂತಳು. ಬೇರಿನಿಂದ ನೋಡುತ್ತ ನೋಡುತ್ತ ಮೇಲಕ್ಕೆ ಹೋಗಿ ಕಣ್ಣು ತೆನೆಯ ಮೇಲೆ ನಿಂತಿತು.

"ಅಳಿಯಾ, ತೆನಿ ಬಂದ ಜೋಳ ಯಾರನ್ನೂ ಕೊಲ್ಲೂದಿಲ್ಲ."

"ಡಾಕ್ಟರು..."

"ಡಾಕ್ಟರು ತೆನಿ ಅಂದಿಲ್ಲ. ಓದಿದವರು ಹಂಗ ಅನ್ನೂದಿಲ್ಲ. ಡಾಕ್ಟರು ಏನ ಬರದ ಕೊಟ್ಟಾರ, ತೋರ್ಸು."

ಆಕೆಗೆ ಓದಲು ಬರುತ್ತಿರಲಿಲ್ಲ. ಆದರೂ ಕೈ ಚಾಚಿ ನಿಂತಳು. ದುಂಡೇಶ ಕಿಸೆಯಿಂದ ಚೀಟಿ ತೆಗೆದ. ಓದದೆ ಬೇರೆ ದಾರಿ ಇರಲಿಲ್ಲ. "ಜೋಳ," ಅಂದ. ಆಮೇಲೆ, "ಕೂಳಿ," ಅಂದ.

ಪುಸ್ತಕದ ಪದ್ಧತಿ ಎಂಬ ನೆಪ ಆ ಕ್ಷಣಕ್ಕೆ ಕಳಚಿ ಬಿತ್ತು. ತೆನೆ ಬರೆದದ್ದು ಪುಸ್ತಕವಲ್ಲ, ತನ್ನ ಹೆದರಿಕೆ. ಕೂಳಿ ಬರೆಯಬೇಕಾದೀತೆಂದೇ ಕೈ ಆ ಗಿಡವನ್ನು ಆಳೆತ್ತರ ಬೆಳೆಸಿತ್ತು. ಅವನಿಗೆ ಅದೊಂದು ಸ್ಪಷ್ಟವಾಯಿತು, ಉಳಿದದ್ದೆಲ್ಲ ಮಸುಕಾಗಿಯೇ ಉಳಿಯಿತು.

ಬಣ್ಣ ಕೆರೆಯುವ ತಗಡಿನ ಪಟ್ಟಿ ಎತ್ತಿಕೊಂಡ. ಮೊದಲು ತೆನೆ ಕೆರೆದ. ಕಾಳಿನ ಬಿಳಿ ಬಣ್ಣ ಹಿಟ್ಟಿನ ಹಾಗೆ ಉದುರಿ ಅವನ ಮುಂಗೈ ಮೇಲೆ ಬಿತ್ತು. ದಂಟು ಕೆರೆಯುತ್ತ ಕೆಳಗೆ ಇಳಿದ. ಮೋಟು ಉಳಿಯುವ ತನಕ ಕೆರೆದು, ಹಸಿರು ಅದ್ದಿ, ಮೋಟಿನ ಬುಡದಿಂದ ಒಂದು ಚಿಗುರು ಎಳೆದ.

ಹಿಂದಿನಿಂದ ಅತ್ತೆಯ ದನಿ ಬಂತು. "ಅವತ್ತ ನಾ ನಿನ್ನ ಕೇಳಿದ್ದೆ."

"ಹೌದು."

"ಇಲ್ಲ ಅಂದಿದ್ದಿ."

"ಸುಳ್ಳ ಹೇಳಿದೆ ಅತ್ತಿ. ಅಪ್ಪ ಹೊಡೀತಾನಂತ ಹೇಳಿದೆ. ಗಂಗಿ ಕೂಳ್ಯಾಗ ಇತ್ತು."

"ನೀ ಎಲ್ಲಿದ್ದಿ?"

"ಕಲ್ಲ ಮ್ಯಾಲ ಕುಂತಿದ್ದೆ. ಚಿತ್ರಾ ತಗೀಲಿಕ್ಕೆ ಹತ್ತಿದ್ದೆ."

"ಏನ ಚಿತ್ರಾ?"

ದುಂಡೇಶನಿಗೆ ತಿರುಗಿ ನೋಡುವ ಧೈರ್ಯವಾಗಲಿಲ್ಲ. "ಗಂಗಿದು," ಅಂದ. "ಕೋಡು ಬರಾಬರಿ ಬರವಲ್ಲದಾಗಿತ್ತು. ಅದಕ್ಕ ತಡಾ ಆತು."

ಚಂದವ್ವ ಅವನ ಭುಜ ಹಿಡಿದು ತಿರುಗಿಸಿದಳು. ತಿರುಗಿಸಿ ಕಪಾಳಕ್ಕೆ ಒಂದು ಬಾರಿಸಿದಳು. ಸಪ್ಪಳ ಚಹಾದಂಗಡಿಯವರೆಗೆ ಕೇಳಿತು. ಮಶಾಕಸಾಬ ಕೆಟ್ಟಲ್ ಕೆಳಗಿಟ್ಟು ಎದ್ದು ನಿಂತ. ನಾಲ್ಕು ಮಕ್ಕಳ ತಂದೆ, ನಾಲ್ಕು ತಾಲೂಕಿನ ಪೇಂಟರ್, ಹಸಿರು ಕುಂಚ ಹಿಡಿದುಕೊಂಡೇ ಹತ್ತು ವರ್ಷದವನ ಹಾಗೆ ಬಿಕ್ಕಿಬಿಕ್ಕಿ ಅತ್ತ. ಅಪ್ಪನ ಕೈಯಿಂದ ತಪ್ಪಿಸಿಕೊಂಡ ಏಟು ಇಷ್ಟು ವರ್ಷ ಕಾದು ಅತ್ತೆಯ ಕೈಯಿಂದ ಬಂದಿತ್ತು.

ಚಂದವ್ವ ಅಳಲಿಲ್ಲ. ಹೊಡೆದ ಬಲಗೈಯನ್ನು ಬಿಡಿಸಿ, ಅದು ಯಾರದೋ ಕೈ ಅನ್ನುವ ಹಾಗೆ ಆ ಕಡೆ ಈ ಕಡೆ ತಿರುವಿ ನೋಡಿದಳು. "ಗುಣಾ ಇತ್ತು," ಅಂದಳು. ಯಾರಿಗೆ ಅಂದಳೋ ತಿಳಿಯಲಿಲ್ಲ. "ಮದ್ದು ಹತ್ತಿತ್ತು. ಅದಕ್ಕ ಗಂಗಿಗಿ ಹಸಿವಾಗಿತ್ತು."

ಆಮೇಲೆ ಎಷ್ಟು ಹೊತ್ತು ಆಕೆ ಅಲ್ಲೇ ನಿಂತಿದ್ದಳೋ. ದುಂಡೇಶ ಕಣ್ಣೊರೆಸಿಕೊಂಡು ನೋಡಿದಾಗ ಗೋಡೆಯ ಹತ್ತಿರ ಇರಲಿಲ್ಲ. ಅಂಗಳದಲ್ಲಿ ಸಗೀರಾ ಎಂಬ ಹೆಣ್ಣುಮಗಳು ತನ್ನ ಎಮ್ಮೆಗೆ ಡಾಕ್ಟರು ಕಲಸಿ ಕೊಟ್ಟ ಮದ್ದನ್ನು ಗೊಟ್ಟದಿಂದ ಕುಡಿಸಲು ಒದ್ದಾಡುತ್ತಿದ್ದಳು. ಎಮ್ಮೆ ತಲೆ ಕೊಡವಿದಾಗೆಲ್ಲ ಅರ್ಧ ಮದ್ದು ಆಕೆಯ ಸೀರೆಯ ಮೇಲೆ. ಚಂದವ್ವ ಅತ್ತ ಹೋಗುತ್ತಿದ್ದಳು. ಎಮ್ಮೆಯ ಹತ್ತಿರ ಹೋಗಿ ಎರಡು ಮಾರು ದೂರದಲ್ಲೇ ನಿಂತಳು. ಕೈ ಸೆರಗಿನೊಳಗೆ ಇತ್ತು.

ಎಮ್ಮೆ ಇನ್ನೊಮ್ಮೆ ತಲೆ ಕೊಡವಿತು.

"ಹಂಗಲ್ಲವಾ ತಂಗೀ, ಹಂಗ ಹಾಕಿದ್ರ ಉಸಿರಿಗಿ ಹತ್ತತೈತಿ," ಅಂದಳು ಚಂದವ್ವ. "ಗೊಟ್ಟ ತಾ ಇಲ್ಲಿ."

ಸಗೀರಾ ಕೊಟ್ಟಳು. ಆಕೆಗೆ ಕೈಯ ಕಥೆ ಗೊತ್ತಿರಲಿಲ್ಲ.

ದುಂಡೇಶ ಕುಂಚ ಎತ್ತಿದವನು ಹಾಗೇ ನಿಂತ. ಕ್ಷಮಿಸಿದಳೋ ಇಲ್ಲವೋ ಗೊತ್ತಾಗಲಿಲ್ಲ. ಕೇಳುವ ಮುಖವೂ ಅವನಿಗಿರಲಿಲ್ಲ. ಏನಾದರೂ ಒಂದು ಮಾತು ಆಡಬೇಕೆನಿಸಿ ಅಲ್ಲಿಂದಲೇ ಕೂಗಿದ. "ಅತ್ತಿ, ಕೂಳಿ ಎಷ್ಟ ಎತ್ತರ ತಗೀಲಿ?"

ಎಮ್ಮೆಯ ದವಡೆ ಎತ್ತಿ ಹಿಡಿದಿದ್ದ ಚಂದವ್ವ ಇತ್ತ ತಿರುಗಲಿಲ್ಲ.

"ನನ್ನ ಯಾಕ ಕೇಳತಿ? ನೋಡಿದಾವ ನೀನ."